ಕ್ಯಾಸೆಟ್ಟಿನ ವೇಷ ಕಟ್ಟಿದ ಅಡಾಪ್ಟರು



ಕಳೆದ ವಾರ ಮೇಜಿನ ಡ್ರಾವರನ್ನು ಶುಚಿಗೊಳಿಸುತ್ತಿದ್ದಾಗ ವಯರು ಜೋಡಿಸಿದ ಒಂದು ಕ್ಯಾಸೆಟ್ಟು ಸಿಕ್ಕಿತು. "ಅಜ್ಜ, ಇದಕ್ಕೆ ಬಾಲ ಯಾಕೆ?" ಎಂದು ಮೊಮ್ಮಗಳು ಕೇಳಿದಳು. ಆ ಬಾಲದ ಚರಿತ್ರೆಯನ್ನು ನಿಮಗೂ ಹೇಳಬೇಕೆನಿಸಿತು.

ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಅಂಗೈಯಗಲದ ಕ್ಯಾಸೆಟ್ಟನ್ನು ಲೋಕಕ್ಕೆ ಪರಿಚಯಿಸಿತು. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವ ಆ ರೀಲು ನಮ್ಮ ಕರಾವಳಿಯಲ್ಲಿ ತಾಳಮದ್ದಳೆಯ ಭಂಡಾರವೇ ಆಯಿತು. ಮಂಗಳೂರು ಆಕಾಶವಾಣಿಯು 1976ರಲ್ಲಿ ಆರಂಭವಾಗಿತ್ತಾದರೂ, ಬೇಕೆಂದಾಗ ಕೇಳುವ ಸ್ವಾತಂತ್ರ್ಯವನ್ನು ಕೊಟ್ಟುದು ಕ್ಯಾಸೆಟ್ಟು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಹೀಗೆ ಮನೆಮನೆಯನ್ನು ಹೊಕ್ಕಿತು. ಊರ ಕೂಟಗಳನ್ನೂ ಜನರು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟರು. ನನ್ನ ತೀರ್ಥರೂಪರು 'ವಾಲಿವಧೆ'ಯಲ್ಲಿ ರಾಮನ ಅರ್ಥ ಹೇಳಿದ 90 ನಿಮಿಷದ ಒಂದು ಕ್ಯಾಸೆಟ್ಟು ನಮ್ಮಲ್ಲಿತ್ತು. ಒಂದು ಬದಿಗೆ 45 ನಿಮಿಷ. ವಾದವು ರಂಗೇರುವಾಗ ಕ್ಯಾಸೆಟ್ಟನ್ನು ಮಗುಚಿ ಹಾಕಬೇಕಾಗಿತ್ತು.

2006ರಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಆಲಂಕಾರಿಗೆ ಬಂದಾಗ ಅವನ ಜೇಬಿನಲ್ಲಿ ಐಪಾಡ್ ಇತ್ತು. ಆಪಲ್ ಸಂಸ್ಥೆ ಅದನ್ನು 2001ರಲ್ಲಿ ಹೊರತಂದಿತ್ತು. ನನ್ನ ಹಳೆಯ ಮಾರುತಿ 800ರಲ್ಲಿದ್ದುದು ಕ್ಯಾಸೆಟ್ ಸ್ಟೀರಿಯೊ. "ಮಾವ, ಇದನ್ನು ತೆಗೆದು ಹೊಸತನ್ನು ಹಾಕಿಸುವ" ಎಂದನು. ನಾನು ಒಪ್ಪಲಿಲ್ಲ, ಉಪ್ಪಿನಂಗಡಿಗೆ ಹೋಗುವಾಗಲೆಲ್ಲ ತಂದೆಯವರ ಧ್ವನಿಯನ್ನು ಕೇಳುತ್ತಿದ್ದುದು ಅದರಲ್ಲಿಯೇ. ಎಫ್.ಎಂ. ರೇಡಿಯೊದ ಮೂಲಕ ಹಾಡು ಕೇಳಿಸುವ ಪುಟ್ಟ ಟ್ರಾನ್ಸ್‌ಮಿಟರನ್ನು ಪ್ರಯತ್ನಿಸಿದೆವು. ಕರಕರ ಸದ್ದೇ ಹೆಚ್ಚು. ಕೊನೆಗೆ ಬಂದುದು ಈ ಅಡಾಪ್ಟರು.

ಇದರ ಒಳಗೆ ರೀಲಿಲ್ಲ. ಸ್ಟೀರಿಯೊದ ಹೆಡ್ಡಿಗೆ ಎದುರಾಗಿ ಇದರಲ್ಲಿಯೂ ಒಂದು ಪುಟ್ಟ ಹೆಡ್ ಇದೆ. ಐಪಾಡಿನಿಂದ ವಯರಿನಲ್ಲಿ ಬಂದ ವಿದ್ಯುತ್ ಸಂಕೇತವು ಇಲ್ಲಿ ಕಾಂತಕ್ಷೇತ್ರವಾಗಿ ಮಾರ್ಪಡುತ್ತದೆ; ಸ್ಟೀರಿಯೊ ಅದನ್ನು ರೀಲೆಂದೇ ನಂಬಿ ಓದುತ್ತದೆ. ಕ್ಯಾಸೆಟ್ಟು ಮುಗಿಯಿತೆಂದು ಯಂತ್ರ ನಿಲ್ಲದಿರಲೆಂದು ಒಳಗಿನ ಹಲ್ಲುಚಕ್ರಗಳು ಸುಮ್ಮನೆ ತಿರುಗುತ್ತಿರುತ್ತವೆ. ಹಳತನ್ನು ಕಿತ್ತೊಗೆಯದೆ ಹೊಸತು ಒಳಬಂದ ಅಪರೂಪದ ಉದಾಹರಣೆಯಿದು. ಹೋಗುವಾಗ ಅಳಿಯನ ಹಾಡು, ಬರುವಾಗ ತಂದೆಯವರ ರಾಮ. ಎರಡೂ ಒಂದೇ ಬಾಗಿಲಿನಲ್ಲಿ.

2014ರಲ್ಲಿ ಕಾರು ಬದಲಾಯಿತು. ಹೊಸದರಲ್ಲಿ ಯು.ಎಸ್.ಬಿ. ಇತ್ತು, ಕ್ಯಾಸೆಟ್ಟಿನ ಬಾಯಿ ಇರಲಿಲ್ಲ. ಅಡಾಪ್ಟರು ಡ್ರಾವರಿಗೆ, ಕ್ಯಾಸೆಟ್ಟು ಕಪಾಟಿಗೆ ಸೇರಿದವು. "ಆಮೇಲೆ ನೋಡುವ" ಎಂದುಕೊಂಡೆ. ಆರು ಮಳೆಗಾಲಗಳು ಕಳೆದ ಮೇಲೆ, 2020ರಲ್ಲಿ, ಒಂದು ಟೇಪ್ ರೆಕಾರ್ಡರನ್ನು ಎರವಲು ತಂದು ಅದನ್ನು ಕಂಪ್ಯೂಟರಿಗಿಳಿಸಲು ಕುಳಿತಾಗ ರೀಲಿಗೆ ಬೂಷ್ಟು ಹಿಡಿದಿತ್ತು. ಮೊದಲ ಬದಿಯು ಹೇಗೋ ಬಂತು. ಎರಡನೆಯ ಬದಿಯಲ್ಲಿ ರೀಲು ತುಂಡಾಗಿ ಸುಕ್ಕಾಯಿತು. ವಾಲಿಯ ಪ್ರಶ್ನೆಗಳೆಲ್ಲ ಉಳಿದಿವೆ; ತಂದೆಯವರ ಉತ್ತರದ ಮೊದಲ ಕೆಲವು ಮಾತುಗಳು ಮಾತ್ರ ಇವೆ.

ತರಗತಿಯಲ್ಲಿ ಸಿಂಧೂ ಮುದ್ರೆಗಳ ಪಾಠ ಮಾಡುವಾಗ, ಬರಹ ಕೈಯಲ್ಲಿದೆ, ಓದುವ ಬಗೆ ಕಳೆದುಹೋಗಿದೆ ಎಂದು ನಿಮಗೆ ಹೇಳುತ್ತಿದ್ದೆ. ಅದು ಸಾವಿರಾರು ವರ್ಷಗಳಲ್ಲಿ ಆಗುವ ಸಂಗತಿಯೆಂದು ತಿಳಿದಿದ್ದೆ. ನನ್ನ ಮನೆಯಲ್ಲಿ ಆರೇ ವರ್ಷಗಳು ಸಾಕಾದವು. ದಾಖಲೆಯನ್ನು ಕಾಪಾಡಿರೆಂದು ಮೂರು ದಶಕ ಬೋಧಿಸಿದ ಅಧ್ಯಾಪಕನೇ ಇಲ್ಲಿ ತಪ್ಪಿದನು.

ಆದುದರಿಂದ ಒಂದು ವಿನಂತಿ. ನಿಮ್ಮ ಅಟ್ಟದಲ್ಲಿ ಹಿರಿಯರ ಧ್ವನಿಯ ಕ್ಯಾಸೆಟ್ಟುಗಳಿದ್ದರೆ ಈ ಮಳೆಗಾಲಕ್ಕೆ ಮುಂಚೆ ತನ್ನಿ. ಸುಸ್ಥಿತಿಯ ಒಂದು ಟೇಪ್ ರೆಕಾರ್ಡರನ್ನು ಈಗ ನಾನೇ ಇಟ್ಟುಕೊಂಡಿದ್ದೇನೆ. ಒಟ್ಟಿಗೆ ಕುಳಿತು ಇಳಿಸಿಕೊಳ್ಳೋಣ. ಕಾಫಿ ನಮ್ಮಲ್ಲಿಯೇ ಆಗಲಿ.