ಗರಸಿನ ದಾರಿ ಯಾರದು?

ಚಿಕ್ಕೋಡಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಸಾಗವಾನಿ ತೊಲೆಯಿದೆ. ಮಾಳಿಗೆಯ ಭಾರವೆಲ್ಲ ಅದರ ಮೇಲೆ. ಅದು ಹಳಿಯಾಳದ ಕಡೆಯಿಂದ ಚಕ್ಕಡಿಯಲ್ಲಿ ಬಂದದ್ದು ಎಂದು ದಾದಾ ಹೇಳುತ್ತಿದ್ದರು. ಯಾವ ದಾರಿಯಿಂದ ಬಂತು, ಕಡಿದವರು ಯಾರು ಎಂದು ನಾವು ಮಕ್ಕಳು ಕೇಳಲಿಲ್ಲ. ಮೊನ್ನೆ ಚಳಿಗಾಲದಲ್ಲಿ ಓಣಿಯ ಇಬ್ಬರು ಹುಡುಗರು ಬಂದು ಆ ಪ್ರಶ್ನೆಯನ್ನು ನನ್ನ ಮುಂದಿಟ್ಟರು.

ಇಬ್ಬರದೂ ದಪ್ಪ ಟೈರಿನ ಹೊಸ ಸೈಕಲ್. ‘ಚಾಚಾ, ದಾಂಡೇಲಿ ಅಡವ್ಯಾಗ ಬ್ರಿಟಿಷರ ಕಾಲದ ಕಟಗಿ ಸಾಗಸೂ ದಾರಿ ಅದಾವಂತಲ್ರಿ. ಡಾಂಬರ ಇಲ್ಲದ ದಾರ್‍ಯಾಗ ಸೈಕಲ್ ಹೊಡೀಬೇಕಂತ ಮಾಡೀವಿ. ಯಾ ಕಡೆ ಹೋದ್ರ ಚಲೋ?’ ಎಂದು ಕೇಳಿದರು.

ಗರಸು, ಜಲ್ಲಿ ಹಾಸಿದ ದಾರಿಗಳಲ್ಲಿ ಸೈಕಲ್ ಓಡಿಸುವುದು ಇಂದು ಜಗತ್ತಿನ ದೊಡ್ಡ ಹವ್ಯಾಸ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಇಂಥ 200 ಮೈಲಿಗಳ ಸ್ಪರ್ಧೆಯೊಂದು ಆರಂಭವಾಯಿತು. 2022ರಲ್ಲಿ ಇಟಲಿಯಲ್ಲಿ ಈ ಆಟದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಮರ ಸಾಗಿಸಲು ಹಿಂದೆ ಕಡಿದ ದಾರಿಗಳು ಈಗ ಸವಾರರಿಗೆ ಅಚ್ಚುಮೆಚ್ಚು. ನಮ್ಮ ಹುಡುಗರ ಆಸೆಯೂ ಅಲ್ಲಿಂದಲೇ ಬಂದದ್ದು.

ಸೈಕಲ್ ನಮ್ಮ ಸೀಮೆಗೆ ಹೊಸದಲ್ಲ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಅಣ್ಣನೊಂದಿಗೆ ಬೆಳಗಾವಿಯಲ್ಲಿ ಆರಂಭಿಸಿದ್ದು ಸೈಕಲ್ ಅಂಗಡಿ. ಸಾಹೇಬರು, ವಕೀಲರು ಮಾತ್ರ ಕೊಳ್ಳಬಹುದಾದ ಬೆಲೆ ಅಂದು ಸೈಕಲ್ಲಿಗೆ. ಆ ಅಂಗಡಿಯವರೇ ಮುಂದೆ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಾಗವಾಡ, ಮಿರಜಗಳಾಚೆಯ ಕುಂಡಲದ ಬಳಿ ಕಾರ್ಖಾನೆ ಕಟ್ಟಿದರು. ಸೈಕಲ್ ಮೆಲ್ಲಗೆ ಸಾಹೇಬರ ಕೈಯಿಂದ ಜಾರಿ ಹಾಲು ಮಾರುವವನ, ನೇಕಾರನ, ನಿಪ್ಪಾಣಿಯ ಬೀಡಿ ಕಾರ್ಮಿಕನ ಕೈಗೆ ಬಂತು. ನಮ್ಮ ಅಬ್ಬಾ ರಾಯಬಾಗದ ಸಂತೆಗೆ ಹೋಗುತ್ತಿದ್ದದ್ದು ಸೈಕಲ್ ಮೇಲೆಯೇ. ಗರಸಿನ ದಾರಿ ಅವರಿಗೆ ಆಟವಾಗಿರಲಿಲ್ಲ. ಮಳೆಯಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಮನೆಗೆ ಬರುತ್ತಿದ್ದರು.

ಇನ್ನು ಕಾಡಿನ ಮಾತು. ಚಿಕ್ಕೋಡಿ, ಅಥಣಿ, ರಾಯಬಾಗಗಳಲ್ಲಿ ಕೃಷ್ಣೆಯ ಎರೆಭೂಮಿಯಿದೆ, ದೊಡ್ಡ ಕಾಡಿಲ್ಲ. ದೊಡ್ಡ ಮರ ಬೇಕೆಂದರೆ ಘಟ್ಟದ ಕಡೆ ನೋಡಬೇಕು. ಹಾಗೆ ನೋಡಿದವರು ನಾವಷ್ಟೇ ಅಲ್ಲ. ಮುಂಬಯಿಯ ಹಡಗುಕಟ್ಟೆಗೆ ತೇಗ ಬೇಕಿತ್ತು. ಅಲ್ಲಿ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನಿಂತಿದೆ. ಬೇಕಾಬಿಟ್ಟಿ ಕಡಿದು ತೇಗ ತೀರತೊಡಗಿದಾಗ ಸರ್ಕಾರ ಎಚ್ಚೆತ್ತಿತು. 1847ರಲ್ಲಿ ಡಾ. ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. 1862ರಲ್ಲಿ ಉತ್ತರ ಕನ್ನಡವೂ ಮದ್ರಾಸಿನಿಂದ ಮುಂಬಯಿಗೆ ಸೇರಿತು. 1878ರ ಅರಣ್ಯ ಕಾಯ್ದೆಯಿಂದ ಮೀಸಲು ಕಾಡುಗಳ ಗಡಿ ಬಿಗಿಯಾಯಿತು. ಕಾಡಿನಂಚಿನವರು ತಲೆಮಾರುಗಳಿಂದ ಮಾಡುತ್ತ ಬಂದ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಕೊಡಲಿ ಮಾತ್ರ ನಿಲ್ಲಲಿಲ್ಲ, ಅದು ಸರ್ಕಾರದ ಕೈಗೆ ಹೋಯಿತು.

ಹಡಗಿನ ನಂತರ ಬಂದದ್ದು ರೈಲು. ಒಂದು ಮೈಲಿ ಹಳಿಗೆ ಹೆಚ್ಚುಕಡಿಮೆ ಎರಡು ಸಾವಿರ ಮರದ ಸ್ಲೀಪರುಗಳು ಬೇಕಾಗುತ್ತಿದ್ದವು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್‌ಗಳ ಮೇಲೆ ಬೆಳಗಾವಿಗೆ ಹೋಗುವ ಹಳಿ ಬಿದ್ದದ್ದು ಆ ಕಾಲದಲ್ಲೇ. ನಾವು ರೈಲು ಬಂತೆಂದು ಹಿಗ್ಗಿದಾಗ ಎಲ್ಲೋ ಒಂದು ಕಾಡು ಬಯಲಾಗುತ್ತಿತ್ತು.

ಕಡಿದ ಮರ ಹೊರಬರಲು ದಾರಿ ಬೇಕು. ಮರ ಕಡಿಯಲು ಗುರುತು ಮಾಡಿದ ಜಾಗಕ್ಕೆ ಕೂಪು ಎನ್ನುತ್ತಾರೆ. ಕೂಪಿನಿಂದ ಡಿಪೋದವರೆಗೆ ದಾರಿ. ಭಾರದ ಬಂಡಿಯನ್ನು ಎತ್ತುಗಳು ಎಳೆಯಬೇಕಾದ್ದರಿಂದ ದಾರಿ ನೇರ ಏರು ಹತ್ತುವುದಿಲ್ಲ. ಗುಡ್ಡದ ಪಕ್ಕೆಯನ್ನು ಬಳಸಿಕೊಂಡು ನಿಧಾನ ಇಳಿಯುತ್ತದೆ. ಹಳ್ಳಕ್ಕೆ ಸೇತುವೆಯಿಲ್ಲ, ಕಲ್ಲು ಹಾಸಿದರೆ ಆಯಿತು, ಏಕೆಂದರೆ ಸಾಗಾಟ ಬೇಸಗೆಯಲ್ಲಿ ಮಾತ್ರ. ಇಂದಿನ ಸೈಕಲ್ ಸವಾರನಿಗೆ ಹಿತವೆನಿಸುವ ಆ ಇಳಿಜಾರು ಎತ್ತಿನ ಉಸಿರನ್ನು ಲೆಕ್ಕಹಾಕಿ ಮಾಡಿದ್ದು. ಮುಂದೆ ಅಳ್ನಾವರದಿಂದ ದಾಂಡೇಲಿಗೆ ರೈಲಿನ ಕವಲು ಬಂತು, ಬಂಡಿಯ ಜಾಗಕ್ಕೆ ಲಾರಿ ಬಂತು. 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿಯ ಕಂಪನಿ ಸ್ಥಾಪನೆಯಾದ ಮೇಲೆ ಬಿದಿರೂ ಹೊರಟಿತು.

ದಾರಿ ಮಾಡಿದವರು, ಮರ ಎಳೆದವರು ಯಾರು? ಸಾಹೇಬನ ಹೆಸರು ದಫ್ತರದಲ್ಲಿದೆ, ಕೂಲಿಯ ಹೆಸರಿಲ್ಲ. ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಸಿದ್ದಿಗಳು, ಗೌಳಿಗಳು, ಕುಣಬಿಗಳು ಇದ್ದಾರೆ. ಸಿದ್ದಿಗಳ ಹಿರಿಯರು ಆಫ್ರಿಕಾದವರು. ಗುಲಾಮರಾಗಿ ಗೋವೆಗೆ ತಂದಾಗ ತಪ್ಪಿಸಿಕೊಂಡು ಕಾಡು ಸೇರಿದವರೇ ಅವರಲ್ಲಿ ಬಹಳ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಕೆಲವು ವರ್ಷಗಳ ಹಿಂದೆ ಸಂಬಂಧಿಕರ ನಿಕಾಹ್‌ಗೆಂದು ಹಳಿಯಾಳದ ಕಡೆ ಹೋಗಿದ್ದೆ. ಅಲ್ಲೊಬ್ಬ ವೃದ್ಧರು ಸಿಕ್ಕರು, ಪ್ರಾಯದಲ್ಲಿ ಕೂಪಿನಲ್ಲಿ ದುಡಿದವರು. ಅವರ ಮಾತು ಇಷ್ಟು: ಲಾರಿ ಬರುವಷ್ಟು ವರ್ಷ ಪ್ರತಿ ದಸರೆಯ ಮುಂದೆ ದಾರಿಗೆ ಗರಸು ಬೀಳುತ್ತಿತ್ತು, ನಾಟಾ ನಿಂತ ಮೇಲೆ ಗರಸೂ ನಿಂತಿತು. ಈಗ ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆಯವರೆಗೆ ತರಬೇಕು. ‘ಮರಕ್ಕೆ ದಾರಿ ಇತ್ತು, ನಮಗಿಲ್ಲ’ ಎಂದು ಅವರು ಸಿಟ್ಟಿಲ್ಲದೆ ಹೇಳಿದರು. ಸಿಟ್ಟಿಲ್ಲದ ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ.

ಕಾಡು ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಅದರೊಳಗಿನ ಹಳೆಯ ದಾರಿಗಳಲ್ಲಿ ಅನುಮತಿಯಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. ಹುಲಿಗೂ ಆನೆಗೂ ನೆಮ್ಮದಿ ಬೇಕು, ಆ ಕಟ್ಟಳೆ ಸರಿಯಾದದ್ದೇ. ಆದರೆ ಅರಣ್ಯ ಹಕ್ಕುಗಳ ಕಾಯ್ದೆ ಎಂಬುದೂ ಇದೆ, 2006ರದು. ಶಾಲೆ, ದವಾಖಾನೆ, ಅಂಗನವಾಡಿ, ರಸ್ತೆ ಮುಂತಾದ 13 ಸೌಕರ್ಯಗಳಿಗೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅದರಲ್ಲಿ ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಸಾವಿರಾರು ಮರಗಳಿಗಾಗಿ ದಾರಿ ಮಾಡಿದ ದೇಶಕ್ಕೆ ಒಬ್ಬ ಬಾಣಂತಿಗಾಗಿ ದಾರಿ ಮಾಡುವುದು ಆಗದ ಕೆಲಸವಲ್ಲ.

ದಾರಿ ಯಾರದು ಎಂಬ ಪ್ರಶ್ನೆ ನಮ್ಮ ಬಯಲುಸೀಮೆಗೂ ಹೊರತಲ್ಲ. 1981ರ ಮಾರ್ಚ್, ಏಪ್ರಿಲ್‌ನಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತರು. ಕೊನೆಗೆ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ತಮ್ಮ ಬೆಳೆಯನ್ನು ಒಯ್ಯುವ ದಾರಿ ತಮ್ಮ ಮಾತನ್ನೂ ಒಯ್ಯಬೇಕು ಎಂಬುದೇ ಅವರು ಕೇಳಿದ್ದು. ಕಾಡಿನವರಿಗೆ ಹಾಗೆ ಅಡ್ಡ ಕೂರಲು ಹೆದ್ದಾರಿಯೂ ಇರಲಿಲ್ಲ.

ಇದನ್ನೆಲ್ಲ ಹುಡುಗರಿಗೆ ಹೇಳಿದೆ. ಅವರು ಮುಖ ಸಪ್ಪಗೆ ಮಾಡಿ, ‘ಹಂಗಾದ್ರ ಹೋಗಬಾರ್ದೇನ್ರಿ ಚಾಚಾ?’ ಎಂದರು. ಹೋಗಬೇಡಿ ಎನ್ನಲಿಲ್ಲ. ಸೈಕಲ್ ಹೊಗೆ ಉಗುಳುವುದಿಲ್ಲ, ಗದ್ದಲ ಮಾಡುವುದಿಲ್ಲ. ಊರು ನೋಡಲು ಅದಕ್ಕಿಂತ ಒಳ್ಳೆಯ ವಾಹನವಿಲ್ಲ. ಮೊದಲು ನಮ್ಮ ಘಟಪ್ರಭಾ ಕಾಲುವೆಯ ದಂಡೆಗುಂಟ ಗರಸಿನಲ್ಲಿ ರಾಯಬಾಗದವರೆಗೆ ಹೋಗಿ ಬನ್ನಿ, ಕಾಲಿಗೆ ರೂಢಿಯಾಗಲಿ ಎಂದೆ. ಆಮೇಲೆ ಹಳಿಯಾಳದ ಕಡೆ ಹೊರಡಿ. ಸಂರಕ್ಷಿತ ಕಾಡಿನೊಳಗೆ ನುಗ್ಗಬೇಡಿ, ಅಂಚಿನ ಹಳ್ಳಿಗಳ ದಾರಿಯೇ ಸಾಕು. ಸಿಕ್ಕ ವಾಡೆಯಲ್ಲಿ ಇಳಿದು ನೀರು ಕೇಳಿ, ಹಿರಿಯರ ಜೊತೆ ಕೂತು ಈ ದಾರಿ ಮಾಡಿದವರು ಯಾರೆಂದು ಕೇಳಿ, ಹೆಸರು ಹೇಳಿದರೆ ಬರೆದುಕೊಳ್ಳಿ.

ಹೊರಡುವ ಮುಂಚೆ ಅವರಿಗೆ ಪಡಸಾಲೆಯ ತೊಲೆ ತೋರಿಸಿದೆ. ಒಬ್ಬ ಹುಡುಗ ಕುರ್ಚಿ ಹತ್ತಿ ಅದನ್ನು ಮುಟ್ಟಿ ನೋಡಿದ. ‘ಇದು ಬಂದ ದಾರಿ ಸಿಕ್ಕರ ಫೋನ್ ಮಾಡ್ತೀವ್ರಿ’ ಎಂದ.