ಏಳು ಗೋಲುಗಳ ಲೆಕ್ಕ

ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ನಮ್ಮ ಓಣಿಯಲ್ಲಿ ಯಾರ ಬಳಿಯೂ ನಿಜವಾದ ಹಾಕಿ ಸ್ಟಿಕ್ ಇರಲಿಲ್ಲ. ತುದಿ ಬಾಗಿದ ಕೊಂಬೆಗಳನ್ನು ಕಡಿದು, ಹಳೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಚೆಂಡು ಮಾಡಿ, ಎರಡು ಕಲ್ಲಿಟ್ಟು ಅದನ್ನೇ ಗೋಲು ಎಂದು ಕರೆದು ಆಡುತ್ತಿದ್ದೆವು. ಓಡಲಾಗದ, ಆಟ ಬಾರದ ಹುಡುಗನನ್ನು ಗೋಲಿಗೆ ನಿಲ್ಲಿಸುವುದು ವಾಡಿಕೆ. ಗೆದ್ದರೆ ಗೋಲು ಹೊಡೆದವನ ಹೆಗಲ ಮೇಲೆ ಎಲ್ಲರ ಕೈ. ಸೋತರೆ ಗೋಲಿಗೆ ನಿಂತವನ ತಲೆಯ ಮೇಲೆ ಎಲ್ಲರ ಬೈಗುಳ. ಒಂದು ಸಂಜೆ ಆ ಹುಡುಗ ಅಳುತ್ತಾ ಕೇಳಿಯೇಬಿಟ್ಟ: "ನೀವೆಲ್ಲ ಬಿಟ್ಟ ಮೇಲೆ ತಾನೇ ಚೆಂಡು ನನ್ನ ಹತ್ತಿರ ಬಂದಿದ್ದು?" ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮರುದಿನವೂ ಅವನನ್ನೇ ಗೋಲಿಗೆ ನಿಲ್ಲಿಸಿದೆವು.

ಭಾರತದ ಹಾಕಿಯ ಚರಿತ್ರೆಯನ್ನು ಓದಲು ಕುಳಿತಾಗಲೆಲ್ಲ ಆ ಹುಡುಗನ ಪ್ರಶ್ನೆ ನಮಗೆ ನೆನಪಾಗುತ್ತದೆ. ಏಕೆಂದರೆ ಈ ದೇಶವೂ ಒಮ್ಮೆ ಒಬ್ಬ ಗೋಲ್‌ಕೀಪರ್‌ನನ್ನು ಹಾಗೆಯೇ ನಿಲ್ಲಿಸಿ ಬಯ್ದಿತ್ತು.

1982ರ ಡಿಸೆಂಬರ್ 1. ದೆಹಲಿಯ ನ್ಯಾಷನಲ್ ಸ್ಟೇಡಿಯಂ. ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ಎದುರುಬದುರಾದವು. ಪ್ರಧಾನಿ ಇಂದಿರಾ ಗಾಂಧಿಯವರೂ ಪ್ರೇಕ್ಷಕರ ನಡುವೆ ಇದ್ದರು. ಆಟ ಮುಗಿದಾಗ ಪಾಕಿಸ್ತಾನ 7, ಭಾರತ 1. ಭಾರತದ ಗೋಲಿನಲ್ಲಿ ನಿಂತಿದ್ದವರು ಮೀರ್ ರಂಜನ್ ನೇಗಿ. ಮರುದಿನದಿಂದ ಅವರ ಬದುಕೇ ಬದಲಾಯಿತು. ಲಂಚ ತಿಂದು ಗೋಲು ಬಿಟ್ಟರು, ದೇಶಕ್ಕೆ ದ್ರೋಹ ಬಗೆದರು ಎಂಬ ಮಾತು ಹಬ್ಬಿತು. ಯಾವ ಸಾಕ್ಷಿಯೂ ಇರಲಿಲ್ಲ. ಸಾಕ್ಷಿ ಬೇಕೆಂದು ಕೇಳುವ ವ್ಯವಧಾನವೂ ಯಾರಿಗೂ ಇರಲಿಲ್ಲ. ಆ ಪಂದ್ಯದ ಮಾತು ನಾವು ದೊಡ್ಡವರಾಗುವವರೆಗೂ ಓಣಿಯ ಕಟ್ಟೆಗಳ ಮೇಲೆ ಜೀವಂತವಾಗಿತ್ತು. ಆದರೆ ಆ ಮಾತಿನಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ನಾವು ಕೇಳಲಿಲ್ಲ: ಮೈದಾನದಲ್ಲಿ ಉಳಿದ ಹತ್ತು ಮಂದಿ ಇದ್ದರಲ್ಲವೇ?

ಚೆಂಡು ನಡೆದು ಬರುವ ದಾರಿ

ಹಾಕಿಯ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಅಷ್ಟು ಜಾಗವನ್ನು ಒಬ್ಬನೇ ಮನುಷ್ಯ ಮುಚ್ಚಲಾರ. ಅದಕ್ಕಾಗಿಯೇ ಆಟದ ನಿಯಮ ಅವನಿಗೆ ಒಂದು ಆಸರೆ ಕೊಟ್ಟಿದೆ. ಗೋಲಿನ ಮುಂದೆ ಎಳೆದ ಅರ್ಧವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಗೋಲ್‌ಕೀಪರ್‌ನ ನಿಜವಾದ ರಕ್ಷಣೆ ಅವನ ಪ್ಯಾಡುಗಳಲ್ಲಿಲ್ಲ, ಎದುರಾಳಿಯನ್ನು ಆ ಗೆರೆಯ ಹೊರಗೇ ತಡೆದು ನಿಲ್ಲಿಸುವವರಲ್ಲಿದೆ.

ಹಳೆಯ ಕಾಲದ ತಂಡದಲ್ಲಿ ಐವರು ಫಾರ್ವರ್ಡ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಇಬ್ಬರು ಫುಲ್‌ಬ್ಯಾಕ್‌ಗಳು, ಕೊನೆಯಲ್ಲಿ ಗೋಲ್‌ಕೀಪರ್. ಗೋಲು ಹೊಡೆಯಲು ಐದು ಜನ, ಕಾಯಲು ಇಬ್ಬರು! ಆ ಇಬ್ಬರ ಕೆಲಸ ನೋಡುವವರ ಕಣ್ಣಿಗೆ ಬೀಳುವಂಥದ್ದಲ್ಲ. ಒಳ್ಳೆಯ ಫುಲ್‌ಬ್ಯಾಕ್ ಎದುರಾಳಿಯನ್ನು ಕಂಡ ಕೂಡಲೇ ಮೇಲೆ ಬೀಳುವುದಿಲ್ಲ. ಬಿದ್ದು ತಪ್ಪಿದರೆ ಹಿಂದಿರುವವನು ಒಂಟಿ. ಹಿಂದೆ ಹಿಂದೆ ಸರಿಯುತ್ತಾ, ಎದುರಾಳಿಯ ವೇಗ ಕುಂದಿಸುತ್ತಾ, ಜೊತೆಗಾರರು ಮರಳಿ ಬರಲು ಹೊತ್ತು ಗಳಿಸಿಕೊಡುತ್ತಾನೆ. ಹಾಕಿಯಲ್ಲಿ ಎಡಗೈಯವರ ಸ್ಟಿಕ್ ಎಂಬುದಿಲ್ಲ. ಎಲ್ಲರ ಸ್ಟಿಕ್ಕಿನ ಚಪ್ಪಟೆ ಮುಖ ಒಂದೇ ಕಡೆಗೆ. ಆದ್ದರಿಂದ ಜಾಣ ಫುಲ್‌ಬ್ಯಾಕ್ ಎದುರಾಳಿಯನ್ನು ಅವನ ಎಡಕ್ಕೆ, ಅಂದರೆ ಸ್ಟಿಕ್ ತಿರುವಿ ಆಡಬೇಕಾದ ಕಷ್ಟದ ಕಡೆಗೆ, ಮೈದಾನದ ಅಂಚಿಗೆ ಸರಿಸುತ್ತಾ ಹೋಗುತ್ತಾನೆ. ಅಲ್ಲಿಂದ ಕಾಣುವ ಗೋಲು ಕಿರಿದು.

ಇನ್ನೊಂದು ಕೆಲಸವಿದೆ. ಗೋಲ್‌ಕೀಪರ್‌ನ ಕಣ್ಣಿಗೆ ಅಡ್ಡ ನಿಲ್ಲದಿರುವುದು. ಇಡೀ ಮೈದಾನವನ್ನು ಮುಂದಿಟ್ಟುಕೊಂಡು ನೋಡುವವನು ಅವನೊಬ್ಬನೇ. ಅವನು ಕೂಗಿ ಹೇಳುತ್ತಾನೆ, ಬೆನ್ನು ಕೊಟ್ಟು ನಿಂತವರು ತಿರುಗಿ ನೋಡದೆ ಕೇಳುತ್ತಾರೆ. ಅವನ ಕಾಲಿಗೆ ಬಡಿದು ಚಿಮ್ಮಿದ ಚೆಂಡನ್ನು ಎದುರಾಳಿಗಿಂತ ಮೊದಲು ಮುಟ್ಟಿ ದೂರ ತಳ್ಳುತ್ತಾರೆ. ಆ ಎರಡನೆಯ ಹೊಡೆತವನ್ನು ತಡೆಯುವುದು ಬಿದ್ದಿರುವ ಗೋಲ್‌ಕೀಪರ್‌ಗೆ ಸಾಧ್ಯವಿಲ್ಲ, ಅದು ಗೆಳೆಯರ ಪಾಲಿನದು.

ಈ ನಂಟು ಬಟಾಬಯಲಾಗಿ ಕಾಣುವುದು ಪೆನಾಲ್ಟಿ ಕಾರ್ನರ್‌ನಲ್ಲಿ. ಇಂದಿನ ನಿಯಮದಂತೆ ಗೋಲ್‌ಕೀಪರ್ ಸೇರಿ ಹೆಚ್ಚೆಂದರೆ ಐವರು ಗೋಲಿನ ಗೆರೆಯ ಹಿಂದೆ ನಿಲ್ಲಬಹುದು, ಉಳಿದವರೆಲ್ಲ ಮಧ್ಯದ ಗೆರೆಯಾಚೆ. ಚೆಂಡು ಚಲಿಸಿದ ಕ್ಷಣವೇ ಒಬ್ಬನು ಹೊಡೆಯುವವನ ಕಡೆಗೆ ನೇರವಾಗಿ ಓಡುತ್ತಾನೆ. ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಬರಬಹುದಾದ ಚೆಂಡಿಗೆ ಎದುರಾಗಿ ಓಡುವುದೆಂದರೆ ಸಣ್ಣ ಮಾತಲ್ಲ. ಅವನಿಗೂ ಗೋಲ್‌ಕೀಪರ್‌ಗೂ ಮೊದಲೇ ಒಂದು ಕರಾರು ಇರುತ್ತದೆ: ಈ ಕಡೆಯ ದಾರಿಯನ್ನು ನಾನು ಮುಚ್ಚುತ್ತೇನೆ, ಆ ಕಡೆಯದನ್ನು ನೀನು ನೋಡಿಕೋ. ಇನ್ನೊಬ್ಬನು ಗೋಲಿನ ಕಂಬದ ಬಳಿ ನಿಂತು ಮೂಲೆ ಕಾಯುತ್ತಾನೆ. ಮುಂದೆ ಓಡಿದವನ ಮೊಣಕಾಲಿಗೋ ಎದೆಗೋ ಚೆಂಡು ಬಡಿದರೆ, ಅಂಕಪಟ್ಟಿಯಲ್ಲಿ ಅದು ಎಲ್ಲಿಯೂ ಬರೆಯಲ್ಪಡುವುದಿಲ್ಲ.

ಹಿಂದೆ ನಿಂತವರ ಚರಿತ್ರೆ

1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್ ಎಂದರೆ ನಮಗೆಲ್ಲ ನೆನಪಾಗುವುದು ಧ್ಯಾನ್‌ಚಂದ್. ನೆನಪಾಗಲೇಬೇಕು. ಆದರೆ ಆ ಒಲಿಂಪಿಕ್ಸ್‌ನ ಲೆಕ್ಕದಲ್ಲಿ ಎರಡು ಅಂಕಿಗಳಿವೆ. ಐದು ಪಂದ್ಯಗಳಲ್ಲಿ ಭಾರತ ಹೊಡೆದ ಗೋಲುಗಳು 29. ಬಿಟ್ಟುಕೊಟ್ಟ ಗೋಲುಗಳು ಸೊನ್ನೆ. ಮೊದಲನೆಯ ಅಂಕಿಯನ್ನು ನಾವು ಹಾಡಿ ಹೊಗಳಿದೆವು. ಎರಡನೆಯದು ಗೋಲ್‌ಕೀಪರ್ ರಿಚರ್ಡ್ ಆಲನ್ ಮತ್ತು ಅವರ ಮುಂದೆ ನಿಂತವರದು.

ಆ ತಂಡದ ನಾಯಕರೇ ಒಬ್ಬ ಫುಲ್‌ಬ್ಯಾಕ್. ಇಂದಿನ ಜಾರ್ಖಂಡಿನ ಮುಂಡಾ ಆದಿವಾಸಿ ಸಮುದಾಯದ ಜೈಪಾಲ್ ಸಿಂಗ್. ಆಕ್ಸ್‌ಫರ್ಡ್‌ನಲ್ಲಿ ಓದಿ ಐ.ಸಿ.ಎಸ್. ತರಬೇತಿಯಲ್ಲಿದ್ದವರು, ರಜೆ ಸಿಗದಿದ್ದರೂ ಹಾಕಿ ಆಡಲು ಹೊರಟರು, ಕೊನೆಗೆ ಆ ನೌಕರಿಯನ್ನೇ ಬಿಟ್ಟರು. ಫೈನಲ್ ಪಂದ್ಯದಲ್ಲಿ ಅವರು ಆಡಲಿಲ್ಲ. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಎದ್ದು ನಿಂತು ಮಾತನಾಡಿದವರೂ ಇವರೇ. ಮೈದಾನದಲ್ಲಿ ಬೆನ್ನ ಹಿಂದಿನವನನ್ನು ಕಾಯುವುದನ್ನು ಕಲಿತವರು, ಸಭೆಯಲ್ಲೂ ಅದೇ ಕೆಲಸ ಮಾಡಿದರೆಂದು ನಮಗೆ ಅನ್ನಿಸುತ್ತದೆ.

1936ರ ಬರ್ಲಿನ್ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿತು. ಅಂದೂ ಗೋಲಿನಲ್ಲಿ ಆಲನ್. ಅವರ ಮುಂದೆ ಫುಲ್‌ಬ್ಯಾಕ್‌ಗಳಾಗಿ ಕಾರ್ಲೈಲ್ ಟ್ಯಾಪ್ಸೆಲ್ ಮತ್ತು ಮೊಹಮ್ಮದ್ ಹುಸೇನ್. ಆ ತಂಡದಲ್ಲಿ ಭೋಪಾಲದ ಅಹ್ಮದ್ ಶೇರ್ ಖಾನ್ ಕೂಡ ಇದ್ದರು. ಅವರ ಮಗನ ಕಥೆ ಇದಕ್ಕಿಂತ ಸ್ವಾರಸ್ಯಕರ.

1975ರ ಮಾರ್ಚ್. ಕೌಲಾಲಂಪುರದಲ್ಲಿ ವಿಶ್ವಕಪ್ ಸೆಮಿಫೈನಲ್. ಆತಿಥೇಯ ಮಲೇಷ್ಯಾ 2-1ರಿಂದ ಮುಂದಿತ್ತು. ಪಂದ್ಯ ಮುಗಿಯಲು ಉಳಿದಿದ್ದು ಕೆಲವೇ ನಿಮಿಷ. ಫುಲ್‌ಬ್ಯಾಕ್ ಮೈಕಲ್ ಕಿಂಡೋ ಅವರನ್ನು ಹೊರಕರೆದು, ಬೆಂಚಿನಲ್ಲಿ ಕುಳಿತಿದ್ದ ಇನ್ನೊಬ್ಬ ಫುಲ್‌ಬ್ಯಾಕ್ ಅಸ್ಲಂ ಶೇರ್ ಖಾನ್ ಅವರನ್ನು ಒಳಗೆ ಕಳಿಸಲಾಯಿತು. ಪೆನಾಲ್ಟಿ ಕಾರ್ನರ್ ಸಿಕ್ಕಿತ್ತು. ಅಸ್ಲಂ ಕೊರಳಲ್ಲಿದ್ದ ತಾವೀಜಿಗೆ ಮುತ್ತಿಟ್ಟು ಚೆಂಡನ್ನು ಹೊಡೆದರು. ಗೋಲು! ಪಂದ್ಯ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಹರ್‌ಚರಣ್ ಸಿಂಗ್ ಅವರ ಗೋಲಿನಿಂದ ಭಾರತ 3-2ರಿಂದ ಗೆದ್ದಿತು. ಮಾರ್ಚ್ 15ರ ಫೈನಲ್‌ನಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಎತ್ತಿತು. ಆ ಫೈನಲ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಸುರ್ಜಿತ್ ಸಿಂಗ್ ಕೂಡ ಫುಲ್‌ಬ್ಯಾಕೇ.

ತಾವೀಜಿಗೆ ಮುತ್ತಿಟ್ಟ ಅಸ್ಲಂ ಅವರ ಚಿತ್ರವನ್ನು ನಮ್ಮ ಹಿರಿಯರು ಎಷ್ಟೋ ವರ್ಷ ಬಣ್ಣಿಸುತ್ತಿದ್ದರು. ಆದರೆ ಜಾಗ ಬಿಟ್ಟುಕೊಟ್ಟು ಹೊರನಡೆದ ಕಿಂಡೋ ಅವರ ಬಗ್ಗೆ ಯಾರೂ ಹೇಳಲಿಲ್ಲ. ಅವರೂ ಆದಿವಾಸಿ. 1972ರ ಮ್ಯೂನಿಚ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದವರು. ಅವರ ಹಿಂದೆಯೇ ಒಡಿಶಾದ ಸುಂದರ್‌ಗಢದ ನೆಲದಿಂದ ರಕ್ಷಣಾ ಆಟಗಾರರ ಒಂದು ಸಾಲೇ ಬಂತು. ಅವರಲ್ಲಿ ದಿಲೀಪ್ ತಿರ್ಕಿ 400ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಭಾರತದ ಗೋಲಿನ ಮುಂದೆ ನಿಂತರು, 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾದರು. ಆದಿವಾಸಿಗಳು, ಆಂಗ್ಲೋ ಇಂಡಿಯನ್ನರು, ಮುಸ್ಲಿಮರು, ಸಿಖ್ಖರು: ಭಾರತದ ಹಾಕಿಯ ಬೆನ್ನುಮೂಳೆ ಇವರಿಂದಲೂ ಆಗಿದೆ.

ಒಂಟಿಯಾದವನು

ಇಷ್ಟು ತಿಳಿದ ಮೇಲೆ 1982ರ ಆ ಏಳು ಗೋಲುಗಳನ್ನು ಮತ್ತೊಮ್ಮೆ ಎಣಿಸೋಣ. ಎದುರಿಗಿದ್ದ ಪಾಕಿಸ್ತಾನ ಸಾಮಾನ್ಯ ತಂಡವಾಗಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಮುಂಬೈಯಲ್ಲಿ ವಿಶ್ವಕಪ್ ಗೆದ್ದಿತ್ತು. ಹಸನ್ ಸರ್ದಾರ್, ಕಲೀಮುಲ್ಲಾ, ಸಮೀಉಲ್ಲಾ, ಹನೀಫ್ ಖಾನ್ ಅವರಂಥ ಫಾರ್ವರ್ಡ್‌ಗಳು ಅದರಲ್ಲಿದ್ದರು. ಗೋಲು ತೀರಿಸುವ ಆತುರದಲ್ಲಿ ತಂಡ ಮುಂದಕ್ಕೆ ನುಗ್ಗಿದಷ್ಟೂ ಹಿಂದೆ ಜಾಗ ತೆರೆದುಕೊಳ್ಳುತ್ತದೆ. ಇಂಥ ಫಾರ್ವರ್ಡ್‌ಗಳಿಗೆ ಆ ಜಾಗ ಸಾಕು. ರಕ್ಷಣೆಯ ಗೋಡೆ ಒಡೆದ ಮೇಲೆ ಗೋಲ್‌ಕೀಪರ್ ಎಂಬುವನು ಬಾಗಿಲಿಲ್ಲದ ಮನೆಯ ಕಾವಲುಗಾರ. ಏಳು ಗೋಲು ತಂಡ ಬಿಟ್ಟ ಗೋಲು. ಹೆಸರು ಬಂದದ್ದು ಒಬ್ಬರದು.

ನೇಗಿ ವರ್ಷಗಳ ಕಾಲ ಆಟದಿಂದ ದೂರ ಉಳಿದರು. ಮರಳಿ ಬಂದದ್ದು ಗೋಲ್‌ಕೀಪರ್‌ಗಳಿಗೆ ಕಲಿಸುವ ಗುರುವಾಗಿ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಮತ್ತು ದಕ್ಷಿಣ ಕೊರಿಯಾ 1-1ರಿಂದ ಸಮವಾಗಿ ಪಂದ್ಯ ಪೆನಾಲ್ಟಿ ಸ್ಟ್ರೋಕ್‌ಗಳಿಗೆ ಹೋಯಿತು. ಸ್ಟ್ರೋಕ್ ಎಂದರೆ ಗೋಲ್‌ಕೀಪರ್ ಪೂರ್ತಿ ಒಂಟಿ. ಅವನ ಮುಂದೆ ಯಾವ ಫುಲ್‌ಬ್ಯಾಕೂ ಇರುವಂತಿಲ್ಲ. ಅಂದು ಗೋಲಿನಲ್ಲಿ ನಿಂತು ಕೊರಿಯಾವನ್ನು ತಡೆದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಭಾರತ 4-2ರಿಂದ ಗೆದ್ದು 32 ವರ್ಷಗಳ ಬಳಿಕ ಏಷ್ಯಾಡ್ ಚಿನ್ನ ತಂದಿತು. ಅವಮಾನ ಉಂಡ ಗೋಲ್‌ಕೀಪರ್ ತನ್ನ ಮುಂದಿನವನ ಬೆನ್ನಿಗೆ ನಿಂತಿದ್ದರು. ತನಗೆ ದೊರೆಯದಿದ್ದುದನ್ನು ಇನ್ನೊಬ್ಬನಿಗೆ ದೊರಕಿಸುವುದಕ್ಕಿಂತ ದೊಡ್ಡ ಉತ್ತರ ಬೇರೆ ಯಾವುದಿದೆ?

2007ರಲ್ಲಿ 'ಚಕ್ ದೇ! ಇಂಡಿಯಾ' ಬಂದಾಗ ಜನ ಅದರಲ್ಲಿ ನೇಗಿಯವರನ್ನು ಕಂಡರು. ಇದು ಅವರ ಕಥೆಯಲ್ಲ ಎಂದು ಚಿತ್ರಕಥೆ ಬರೆದ ಜೈದೀಪ್ ಸಾಹ್ನಿ ಹೇಳಿದರು. ನಟಿಯರಿಗೆ ಹಾಕಿ ಕಲಿಸಿದವರು ಮಾತ್ರ ನೇಗಿಯವರೇ. ಆ ಚಿತ್ರದ ನಾಯಕನ ಬಗ್ಗೆ ನಮಗೆ ಎರಡು ಮಾತು ಹೇಳಬೇಕೆನಿಸುತ್ತದೆ. ಒಂದು, ಅವನು ಮುಸ್ಲಿಂ. ಪಾಕಿಸ್ತಾನದ ಎದುರು ಸೋತ ಮುಸ್ಲಿಂ ಆಟಗಾರನ ಮೇಲೆ ಜನ ಶಂಕೆ ಪಡುತ್ತಾರೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ, ಇಡೀ ದೇಶದ ಪ್ರೇಕ್ಷಕರು ಥಟ್ಟನೆ ನಂಬಿದರು. ನಂಬಿದ ಆ ವೇಗವೇ ನಮ್ಮನ್ನು ಕಾಡುತ್ತದೆ. ಎರಡು, ಅವನು ಗೋಲ್‌ಕೀಪರ್ ಅಲ್ಲ, ಗೋಲು ಹೊಡೆಯುವ ಫಾರ್ವರ್ಡ್. ಸಿನಿಮಾಕ್ಕೂ ಹಿಂದೆ ನಿಂತವನು ನಾಯಕನಾಗಿ ಕಾಣಲಿಲ್ಲ!

ಶಂಕೆಗೆ ಧರ್ಮ ಒಂದೇ ದಾರಿಯಲ್ಲ, ಜಾತಿಯೂ ಹೌದು. 2021ರಲ್ಲಿ ಟೋಕಿಯೋದಲ್ಲಿ ಮಹಿಳಾ ತಂಡ ಸೆಮಿಫೈನಲ್ ಸೋತಾಗ, ವಂದನಾ ಕಟಾರಿಯಾ ಅವರ ಮನೆಯ ಮುಂದೆ ಕೆಲವರು ಜಾತಿ ಹಿಡಿದು ಬಯ್ದರು. ಅದೇ ಕೂಟದಲ್ಲಿ ದಕ್ಷಿಣ ಆಫ್ರಿಕಾದ ಎದುರು ಮೂರು ಗೋಲು ಹೊಡೆದಿದ್ದವರು ಅವರು. ಆದರೆ ಈ ಬಾರಿ ನಾಯಕಿ ರಾಣಿ ರಾಂಪಾಲ್ ಸುಮ್ಮನಿರಲಿಲ್ಲ, ಇದು ನಾಚಿಕೆಗೇಡು ಎಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷ ಕ್ರಿಕೆಟ್‌ನಲ್ಲಿ ಪಾಕಿಸ್ತಾನದ ಎದುರು ಸೋತಾಗ ಮೊಹಮ್ಮದ್ ಶಮಿ ಅವರ ಮೇಲೆ ಬೈಗುಳದ ಮಳೆ ಸುರಿಯಿತು. ನಾಯಕ ವಿರಾಟ್ ಕೊಹ್ಲಿ ಅವರ ಪರ ನಿಂತರು. 1982ರಲ್ಲಿ ಇಂಥ ಒಂದು ದೊಡ್ಡ ದನಿ ಎದ್ದಿದ್ದರೆ ನೇಗಿಯವರ ಆ ವರ್ಷಗಳು ಬೇರೆಯಾಗುತ್ತಿದ್ದವೋ ಏನೋ.

ಕೊನೆಗೆ 2024ರ ಆಗಸ್ಟ್ 4ರ ಮಾತು. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್. ಬ್ರಿಟನ್ ಎದುರಾಳಿ. 17ನೆಯ ನಿಮಿಷದಲ್ಲಿ ರಕ್ಷಣಾ ಆಟಗಾರ ಅಮಿತ್ ರೋಹಿದಾಸ್ ಅವರಿಗೆ ಕೆಂಪು ಕಾರ್ಡ್. ಇವರೂ ಸುಂದರ್‌ಗಢದವರು. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡಿಗೆ ಎದೆಯೊಡ್ಡಿ ಮೊದಲು ಓಡುತ್ತಿದ್ದವರು ಅವರೇ. ಉಳಿದ 40ಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರೊಂದಿಗೆ ಆಡಿತು. ಅಂದು ಫಾರ್ವರ್ಡ್‌ಗಳೂ ಹಿಂದೆ ಬಂದು ಕಾದರು, ಯಾರ ಜಾಗ ಯಾವುದೆಂದು ಯಾರೂ ಕೇಳಲಿಲ್ಲ. ಆಟ 1-1ರಲ್ಲಿ ನಿಂತಿತು. ಶೂಟೌಟ್‌ನಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಗೋಡೆಯಾದರು, ಭಾರತ 4-2ರಿಂದ ಗೆದ್ದಿತು. ಸೆಮಿಫೈನಲ್ ಸೋತರೂ ಸ್ಪೇನ್ ವಿರುದ್ಧ 2-1ರಿಂದ ಗೆದ್ದು ಕಂಚು ತಂದಿತು. ಪತ್ರಿಕೆಗಳು ಶ್ರೀಜೇಶ್ ಅವರನ್ನು ಕೊಂಡಾಡಿದವು, ಅದು ನ್ಯಾಯವೇ. ಆದರೆ ಅವರ ಕೈಗೆ ಬಾರದೆ ಹೋದ ಚೆಂಡುಗಳ ಲೆಕ್ಕ ಇಟ್ಟವರು ಯಾರು?

ನಮ್ಮ ಓಣಿಯ ಆ ಹುಡುಗ ಈಗೆಲ್ಲಿದ್ದಾನೋ ನಮಗೆ ತಿಳಿಯದು. ಸಿಕ್ಕರೆ ಒಂದು ಮಾತು ಹೇಳಬೇಕು. ಅವನು ಕೇಳಿದ್ದು ಸರಿ, ಚೆಂಡನ್ನು ಬಿಟ್ಟವರು ನಾವು.