ರೇಡಾರ್ ತಂತ್ರಜ್ಞ (ಭಾರತೀಯ ವಾಯುಪಡೆ)

ವಾಯುಪಡೆಯ ನೆಲದ ರೇಡಾರ್‌ಗಳನ್ನು ಹಗಲಿರುಳೂ ಚಾಲನೆಯಲ್ಲಿಡುವ ಸೈನಿಕ. ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ 'ರೋಹಿಣಿ' ಇಂಥ ರೇಡಾರ್‌ಗಳಲ್ಲೊಂದು. ಆಂಟೆನಾ ತಿರುಗಿಸುವ ಮೋಟಾರು, ಟ್ರಾನ್ಸ್‌ಮಿಟರ್, ರಿಸೀವರ್, ಕೂಲಿಂಗ್, ಜನರೇಟರು ಎಲ್ಲದರ ತಪಾಸಣೆಯೂ ತಂತ್ರಜ್ಞರ ಪಾಲಿನದೇ. ಕೆಲಸ ನಾಜೂಕಿನದು, ಅಪಾಯದ್ದೂ ಹೌದು: ವಿದ್ಯುತ್ ಕಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಅರ್ಥಿಂಗ್ ಕೋಲು ತಾಗಿಸಿ ಅದನ್ನು ಇಳಿಸದೆ ಟ್ರಾನ್ಸ್‌ಮಿಟರ್‌ಗೆ ಕೈಹಾಕುವಂತಿಲ್ಲ. ಸಂಕೇತ ಸಾಗಿಸುವ ಲೋಹದ ಕೊಳವೆಯಾದ ವೇವ್‌ಗೈಡಿಗೆ ತೇವ ಹೊಕ್ಕರೂ ಸಂಕೇತ ಕುಂದುತ್ತದೆ. ಕರಾವಳಿಯ ಉಪ್ಪುಗಾಳಿ, ಮರುಭೂಮಿಯ ದೂಳು ನಿತ್ಯದ ಶತ್ರುಗಳು.

ವಾಯುಸೈನಿಕರ ಮೂಲ ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿ. ಬಡ್ತಿಯ ಮೆಟ್ಟಿಲು ಏರ್‌ಕ್ರಾಫ್ಟ್‌ಮನ್, ಲೀಡಿಂಗ್ ಏರ್‌ಕ್ರಾಫ್ಟ್‌ಮನ್, ಕಾರ್ಪೊರಲ್, ಸಾರ್ಜೆಂಟ್. ಆಮೇಲೆ ಜೂನಿಯರ್ ವಾರಂಟ್, ವಾರಂಟ್, ಮಾಸ್ಟರ್ ವಾರಂಟ್ ಆಫೀಸರ್. ಮೇಲೇರಿದಂತೆ ಸ್ಪ್ಯಾನರ್ ಹಿಡಿಯುವುದು ಕಡಿಮೆಯಾಗಿ ಮೇಲ್ವಿಚಾರಣೆ, ಬಿಡಿಭಾಗಗಳ ಲೆಕ್ಕ ಹೆಚ್ಚುತ್ತದೆ. 2022ರ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ ಮೊದಲ ಅವಧಿ 4 ವರ್ಷ. ಯೋಜನೆ ಪ್ರಕಟವಾದಾಗಿನ ನಿಯಮದಂತೆ ಕಾಯಂ ಸೇವೆಗೆ ಆಯ್ಕೆಯಾಗುವವರು ಗರಿಷ್ಠ ಶೇ. 25.